ಅಟ್ಟದ ಕೆಳಗೆ ಏನಿದೆ?

ಕೊಬ್ಬರಿ ವ್ಯಾಪಾರಕ್ಕೆ ಹೊಸದಾಗಿ ಇಳಿಯುವ ಹುಡುಗ ಹುಡುಗಿಯರು ಈಗಲೂ ಅರಸೀಕೆರೆಯ ನಮ್ಮ ಮನೆ ಹುಡುಕಿಕೊಂಡು ಬರುತ್ತಾರೆ. ಕಾಫಿ ಲೋಟ ಕೆಳಗಿಡುವ ಮೊದಲೇ ಕೇಳುತ್ತಾರೆ: "ಗಂಗಮ್ಮೋರೇ, ರೇಟು ಯಾವಾಗ ಏರುತ್ತೆ ಅಂತ ಹೆಂಗೆ ಗೊತ್ತಾಗುತ್ತೆ?" ನನಗೆ ಗೊತ್ತಿಲ್ಲಪ್ಪ. ಗೊತ್ತಿದ್ದಿದ್ದರೆ ಮೊಣಕಾಲು ಸವೆಯುವವರೆಗೂ ಕಂಡವರ ಮನೆ ಏಣಿ ಹತ್ತುತ್ತಿದ್ದೆನೆ? ರೇಟು ಈಗ ಎಲ್ಲರ ಮೊಬೈಲಿನಲ್ಲೂ ಇದೆ. ಮೊಬೈಲಿನಲ್ಲಿ ಇಲ್ಲದ್ದು ಏನಾದರೂ ಬೇಕಿದ್ದರೆ ಕೂತು ಕೇಳಿ. ಅದನ್ನೇ ಇಲ್ಲಿ ಬರೆದಿಡುತ್ತಿದ್ದೇನೆ. ನಡುನಡುವೆ ನನ್ನ ಮನೆ ಸಂಗತಿಯೂ ಬರುತ್ತದೆ. ಈ ವ್ಯಾಪಾರವನ್ನು ಮನೆಯ ಹೊರಗೆ ಚಪ್ಪಲಿ ಜೊತೆ ಬಿಟ್ಟು ಬರಲು ನನಗೆ ಯಾವತ್ತೂ ಆಗಲಿಲ್ಲ.

ನನ್ನ ಕೆಲಸ ಇಷ್ಟೇ. ನಮ್ಮ ಕಡೆ ಬಲಿತ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕುತ್ತಾರೆ. ಅದು ಅಲ್ಲೇ ತಿಂಗಳುಗಟ್ಟಲೆ ಕೂತು, ಒಳಗಿನ ನೀರು ಆರಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ದೊಡ್ಡ ತೋಟದವರು ತಾವೇ ಸುಲಿಸಿ ಮಾರ್ಕೆಟ್ಟಿಗೆ ಹಾಕುತ್ತಾರೆ. ಸಣ್ಣ ಮನೆಗಳವರಿಗೆ ಅದು ತಲೆನೋವು. ಅಂಥವರ ಮನೆಗೆ ಹೋಗಿ, ಏಣಿ ಹತ್ತಿ, ನಾಲ್ಕು ಕಾಯಿ ಅಲ್ಲಾಡಿಸಿ, ಇಡೀ ಅಟ್ಟಕ್ಕೆ ಒಂದು ಬೆಲೆ ಕಟ್ಟುವುದು ನಮ್ಮ ಕಸುಬು. ಒಡೆದು ನೋಡುವ ಹಾಗಿಲ್ಲ. ಕಿವಿಯೇ ಎಲ್ಲ. ಅಲ್ಲಾಡಿಸಿದಾಗ ನೀರು ಕುಲುಕಿದರೆ ಹಸಿ. ಒಳಗೆ ಗಡಗಡ ಅಂದರೆ ಕೊಬ್ಬರಿ. ಇವೆರಡರ ನಡುವೆ ಒಂದು ಕಾಲವಿದೆ. ಆಗ ಕಾಯಿ ಏನೂ ಹೇಳುವುದಿಲ್ಲ. ನೀರು ಮುಗಿದಿರುತ್ತದೆ, ಕೊಬ್ಬರಿ ಚಿಪ್ಪನ್ನು ಬಿಟ್ಟಿರುವುದಿಲ್ಲ. ಹೊಸಬರು ಮೋಸ ಹೋಗುವುದು ಈ ಮೂಕ ಕಾಯಿಯ ಹತ್ತಿರ. ಕೆಲವರು ಕೆಟ್ಟಿದೆ ಅಂತ ಎಸೆಯುತ್ತಾರೆ, ಕೆಲವರು ಆಗಿದೆ ಅಂತ ಒಡೆದು ಚೂರು ಮಾಡುತ್ತಾರೆ.

ನಾನು ಈ ಕಸುಬಿಗೆ ಬಂದಿದ್ದು ಅಳತೆ ಟೇಪು ಹಿಡಿದುಕೊಂಡು. ನಮ್ಮನೆಯವರು ಬಸಪ್ಪ, ಬಸ್ ಸ್ಟ್ಯಾಂಡಿನ ಹಿಂದೆ ಟೈಲರು. ಹಳ್ಳಿ ಹೆಂಗಸರು ಗಂಡಸು ಟೈಲರಿಗೆ ಅಳತೆ ಕೊಡಲು ನಾಚುತ್ತಿದ್ದರು. ಹಾಗಾಗಿ ಜಾಕೀಟಿನ ಅಳತೆಗೆ ನಾನು ಮನೆಮನೆಗೆ ಹೋಗುತ್ತಿದ್ದೆ. ಅಳತೆ ಕೊಡುವಾಗ ಹೆಂಗಸರು ಸುಮ್ಮನೆ ನಿಲ್ಲುವುದಿಲ್ಲ, ಮಾತಾಡುತ್ತಾರೆ. ಯಾರ ಮನೆ ಅಟ್ಟ ತುಂಬಿದೆ, ಯಾರು ಬಂದು ಎಷ್ಟಕ್ಕೆ ಕೇಳಿ ಬೈಸಿಕೊಂಡು ಹೋದ, ಎಲ್ಲ ನನ್ನ ಕಿವಿಗೆ ಬೀಳುತ್ತಿತ್ತು. ಗಂಡಸು ವ್ಯಾಪಾರಿಗಳು ಜಗಲಿಯಲ್ಲಿ ಕೂತು ಯಜಮಾನರ ಜೊತೆ ಹೊಗೆಸೊಪ್ಪು ಹಂಚಿಕೊಳ್ಳುವಾಗ ನಾನು ಅಡುಗೆಮನೆಯಲ್ಲಿ ಇರುತ್ತಿದ್ದೆ. ಅಟ್ಟದ ಏಣಿ ಇರುವುದು ಅಡುಗೆಮನೆಯಲ್ಲಿ ಅನ್ನುವುದು ಅವರಿಗೆ ಹೊಳೆಯಲೇ ಇಲ್ಲ.

ಮೊದಲ ಅಟ್ಟ ಗೊತ್ತು ಮಾಡಿಕೊಂಡು ಕೊಬ್ಬರಿ ಕೊಳ್ಳುವ ಮಂಡಿ ಸಾಹುಕಾರರ ಹತ್ತಿರ ಹೋದೆ. ದಪ್ಪ ಮೀಸೆ, ಸಣ್ಣ ದನಿ. ಕಾಯಿ ಗಾತ್ರ, ಬಣ್ಣ, ಸದ್ದು ಎಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. ಅವರು ವಿಭೂತಿ ಸರಿಮಾಡಿಕೊಳ್ಳುತ್ತಾ ಕೇಳಿದರು, "ಅಟ್ಟದ ಕೆಳಗೆ ಏನೈತಮ್ಮ?"

"ಕೆಳಗಾ? ಮನೆ ಐತೆ."

"ಮನೆ ಇರದೆ ಗಾಳೀಲಿ ನಿಂತಿರುತ್ತಾ? ಕೆಳಗೆ ಏನೈತೆ, ನೋಡ್ಕೊಂಡ್ ಬಾ ಹೋಗು."

ಮತ್ತೆ ಬಸ್ಸು ಹತ್ತಿ ಹೋದೆ. ದಾರಿಯುದ್ದಕ್ಕೂ ಬೈದುಕೊಂಡೆ. ಹೋಗಿ ನೋಡಿದರೆ ಅಟ್ಟದ ಕೆಳಗೆ, ಮೊದಲ ಸಲ ಮೇಲೇ ನೋಡುತ್ತಿದ್ದ ನನ್ನ ಕಣ್ಣಿಗೆ ಬೀಳದ ಮೂರು ದೊಡ್ಡ ಒಲೆ. ಆ ಮನೆಯವರು ಮದುವೆಗಳಿಗೆ ಸಿಹಿ ಮಾಡಿಕೊಡುವವರು, ಒಲೆ ಆರಿದ್ದೇ ಇಲ್ಲ. ಮೇಲಿನ ಕಾಯಿಗೆ ವರ್ಷವಿಡೀ ಹೊಗೆ. ಅಂಥ ಕೊಬ್ಬರಿ ಆಮೇಲೆ ನನಗೆ ಸಿಕ್ಕಿದ್ದು ಅಪರೂಪ. ಅವತ್ತಿನಿಂದ ಯಾವ ಮನೆಗೆ ಹೋದರೂ ಮೊದಲು ಕೆಳಗೆ ನೋಡುವುದು ಅಭ್ಯಾಸವಾಯಿತು. ಏನು ಬೇಯುತ್ತಿದೆ, ಯಾರು ಬೇಯಿಸುತ್ತಾರೆ, ಎಷ್ಟು ಹೊತ್ತು. ನೀವೂ ಅದನ್ನೇ ಮಾಡಿ. ಕುತೂಹಲ ಇಲ್ಲದವರು ಈ ಕಸುಬಿಗೆ ಬರಬೇಡಿ, ಬೇರೆ ಸಾವಿರ ಕೆಲಸ ಇವೆ.

ಕುತೂಹಲ ಇದ್ದೂ ಬಿದ್ದಿದ್ದೇನೆ, ಅದನ್ನೂ ಹೇಳಬೇಕು. ಹಳ್ಳಿಗಳಿಗೆ ಗ್ಯಾಸ್ ಒಲೆ ಬಂದ ಹೊಸತು. ಜಾವಗಲ್ ಹತ್ತಿರದ ಒಂದು ಮನೆ, ಹಳೆಯ ಗಿರಾಕಿ. ಪ್ರತಿ ವರ್ಷ ಅದೇ ತಿಂಗಳಿಗೆ ಅಟ್ಟದ ಕಾಯಿ ಎತ್ತುತ್ತಿದ್ದೆ. ಆ ವರ್ಷವೂ ಎತ್ತಿದೆ. ಅಡುಗೆಮನೆಯಲ್ಲಿ ಮನೆಯಾಕೆ ಹೊಸ ಗ್ಯಾಸ್ ಒಲೆ ತೋರಿಸಿ, "ನೋಡು ಗಂಗಮ್ಮ, ಒಂಚೂರು ಮಸಿ ಇಲ್ಲ" ಅಂದಾಗ ನಾನೇ, "ಪುಣ್ಯವಂತೆ ಕಣೇ" ಅಂತ ಹೊಗಳಿ ಬಂದಿದ್ದೆ. ಮಸಿ ಇಲ್ಲ ಅಂದರೆ ಹೊಗೆ ಇಲ್ಲ, ಹೊಗೆ ಇಲ್ಲ ಅಂದರೆ ಅಟ್ಟ ತಣ್ಣಗೆ ಅನ್ನುವುದು ತಲೆಗೆ ಹೋಗಲಿಲ್ಲ. ಒಡೆಸಿದರೆ ಅರ್ಧಕ್ಕರ್ಧ ಮೂಕ ಕಾಯಿ, ಚಿಪ್ಪಿಗೆ ಅಂಟಿಕೊಂಡು ಚೂರುಚೂರು. ಸಾಹುಕಾರರು ನೋಡಿ ಬೈಯಲಿಲ್ಲ. "ಕೆಳಗೆ ಏನಿತ್ತಮ್ಮ?" ಅಂದರು, ಅಷ್ಟೇ. ಬೈದಿದ್ದರೆ ಮರೆತುಬಿಡುತ್ತಿದ್ದೆ.

ಬಿಕ್ಕೋಡಿನ ಕತೆ ಇನ್ನೂ ಚೆಂದ. ಕಾಫಿ ತೋಟದ ಕಡೆಯ ಊರು, ಅಲ್ಲಿ ನಮ್ಮಂಥ ಅಟ್ಟ ಕಡಿಮೆ. ಯಾರೋ ಹೇಳಿದರು ಅಂತ ಹೋದೆ. ಜಗಲಿಯ ಮೇಲೆ ಒಬ್ಬ ಹಿರಿಯರು, ಹಿಂದೆ ಕಾಯಿಯ ರಾಶಿ. ನಾನು ಒಂದು ಹೇಳಿದೆ, ಅವರು ಒಂದು ಹೇಳಿದರು. ನಾನು ಎದ್ದು ಹೊರಟೆ, ಅವರು ಕರೆದರು. ಅವರು ಕೈ ಕೊಡವಿ ಎದ್ದರು, ನಾನು ಕೂರಿಸಿದೆ. ಎರಡು ಸಲ ಕಾಫಿ ಬಂತು. ನನ್ನ ಜೀವಮಾನದಲ್ಲೇ ಅಷ್ಟು ಸೊಗಸಾದ ಚೌಕಾಸಿ ಮಾಡಿಲ್ಲ. ಕೊನೆಗೆ ಬೆಲೆ ಕುದುರಿ, ಚೀಲ ತರಿಸಲಾ ಅಂತ ಕೇಳಿದರೆ ಅವರು ನಿಧಾನಕ್ಕೆ ಹೇಳುತ್ತಾರೆ, "ಕಾಯಿ ನಮ್ಮದಲ್ಲ ಕಣಮ್ಮ. ಪಕ್ಕದ ಮನೇವ್ರು ಊರಿಗೆ ಹೋಗವ್ರೆ, ಇಲ್ಲಿಟ್ಟವ್ರೆ. ನೀವು ಚೆನ್ನಾಗಿ ಮಾತಾಡ್ತಿದ್ರಿ, ನನಗೂ ಹೊತ್ತು ಹೋಗ್ತಿರಲಿಲ್ಲ."

ಮನೆಗೆ ಬಂದು ಹೇಳಿದಾಗ ನಮ್ಮನೆಯವರು ಕತ್ತರಿ ಕೆಳಗಿಟ್ಟು ನಕ್ಕರು. "ಮಾತಿಗೆ ಮಾತು ಸಿಕ್ಕಿದ್ರೆ ನಿಂಗೆ ಕಾಯಿ ಯಾಕೆ ಬೇಕೇ?" ನಮ್ಮ ಒಬ್ಬನೇ ಮಗ ಮಲ್ಲೇಶ, ಆಗ ಹೈಸ್ಕೂಲು, ನಗಲಿಲ್ಲ. "ಅವರ ಮನೇಲಿ ಬೇರೆ ಯಾರೂ ಇರಲಿಲ್ವಾ ಅಮ್ಮ?" ಅಂತ ಕೇಳಿದ. "ಯಾರಿದ್ರೆ ನಮಗೇನೋ" ಅಂದೆ.

ಈ ಮಲ್ಲೇಶನ ವಿಷಯಕ್ಕೇ ಬರಬೇಕು.

ವ್ಯಾಪಾರದವಳ ಮನೆಯಲ್ಲಿ ಎಲ್ಲಕ್ಕೂ ಚೌಕಾಸಿ. ಓದುವುದಕ್ಕೆ, ಮಲಗುವುದಕ್ಕೆ, ಇನ್ನೊಂದು ದೋಸೆಗೆ. ಮಕ್ಕಳು ಜಾಣರಾಗುವುದು ಹಾಗೆಯೇ ಅಂತ ನನ್ನ ಲೆಕ್ಕ. ಆದರೆ ಇವನು ನಾನು ಹೇಳಿದ ಮೊದಲ ಮಾತಿಗೇ ಒಪ್ಪಿಬಿಡುತ್ತಿದ್ದ. "ಒಂಬತ್ತಕ್ಕೆ ಮಲಗಬೇಕು" ಅಂದರೆ "ಹ್ಞೂಂ."

"ಒಂಬತ್ತೂವರೆ ಅಂತ ಕೇಳೋ!"

"ಯಾಕೆ? ನಿದ್ದೆ ಬರ್ತಿದೆ."

ಇಂಥವನನ್ನು ಇಟ್ಟುಕೊಂಡು ಏನು ಮಾಡಲಿ? ದಿನಾ ಸಂಜೆ ಬಂದವಳೇ ಕಾಯಿ ಅಲ್ಲಾಡಿಸಿದ ಹಾಗೆ ಅವನನ್ನು ಅಲ್ಲಾಡಿಸುತ್ತಿದ್ದೆ. ಸ್ಕೂಲಲ್ಲಿ ಏನಾಯ್ತು, ಯಾರ ಜೊತೆ ಆಡಿದೆ, ಮೇಷ್ಟ್ರು ಏನಂದರು. "ಏನಿಲ್ಲ" ಅನ್ನುತ್ತಿದ್ದ. ನಾನೇ ನಾಲ್ಕು ಉತ್ತರ ಊಹಿಸಿ ಹೇಳುತ್ತಿದ್ದೆ, ಅವನು ಒಂದಕ್ಕೆ ತಲೆಯಾಡಿಸುತ್ತಿದ್ದ. ನಮ್ಮನೆಯವರು ಮಿಷನ್ ತುಳಿಯುತ್ತಲೇ ಅನ್ನುತ್ತಿದ್ದರು, "ಬಿಡೇ, ನಿನ್ನ ಮಗ ಇನ್ನೂ ಅಟ್ಟದ ಮೇಲವ್ನೆ."

ಓದು ಮುಗಿಸಿ ಬೇಲೂರಿನ ಒಂದು ಗೊಬ್ಬರದ ಅಂಗಡಿಯಲ್ಲಿ ಕೆಲಸಕ್ಕಿದ್ದ. ಮೂರು ತಿಂಗಳ ಹಿಂದೆ ನನ್ನ ಮೊಣಕಾಲು ಒಬ್ಬರ ಮನೆಯ ಏಣಿಯ ಅರ್ಧದಲ್ಲಿ ನಿಂತುಬಿಟ್ಟಿತು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಇಬ್ಬರು ಸೇರಿ ಇಳಿಸಿದರು. ಡಾಕ್ಟರು ಇನ್ನು ಏಣಿ ಮುಟ್ಟಬೇಡಿ ಅಂದರು. ಆ ವಾರ ಊಟಕ್ಕೆ ಕೂತಾಗ ಮಲ್ಲೇಶ ತಟ್ಟೆ ನೋಡಿಕೊಂಡೇ ಕೇಳಿದ, "ನಿನ್ನ ಊರುಗಳಿಗೆ ನಾನು ಹೋಗ್ಲಾ?"

ನಮ್ಮನೆಯವರಿಗೆ ತುತ್ತು ನೆತ್ತಿಗೇರಿತು. "ಹೋಗಿ ಏನ್ ಮಾಡ್ತೀಯೋ? ಅವರೂ ನೀನೂ ಮುಖ ಮುಖ ನೋಡ್ಕೊಂಡ್ ಕೂರ್ತೀರಾ?"

"ಹೋಗು," ಅಂದೆ ನಾನು. "ಆದರೆ ಒಂದು ಕಂಡೀಷನ್. ಮಾತಾಡೋದು ಕಲೀಬೇಕು."

"ಕಲೀತೀನಿ. ನೀನು ಏನು ಕಲೀತೀಯ?"

ಆ ಪ್ರಶ್ನೆಯನ್ನು ಅಲ್ಲಿಯವರೆಗೆ ನನಗೆ ಯಾರೂ ಕೇಳಿರಲಿಲ್ಲ. ಅರವತ್ತು ದಾಟಿದ ಹೆಂಗಸು, ಕಲಿಸುವುದೇ ನನ್ನ ಕೆಲಸ ಅಂದುಕೊಂಡಿದ್ದೆ. "ನಾನೇನಪ್ಪ ಕಲೀಲಿ?" ಅಂದೆ.

"ಸುಮ್ನಿರೋದು," ಅಂದರು ನಮ್ಮನೆಯವರು.

ಹಾಗೆ ಊಟದ ತಟ್ಟೆಯ ಮುಂದೆ ಮೂವರಿಗೂ ಒಂದೊಂದು ಗುರಿ ಆಯಿತು. ಸುಮ್ಮನೆ ನಕ್ಕಿದ್ದಕ್ಕೆ ಅವರಿಗೆ ಸಾರು ಮಾಡುವುದು ಕಲಿಯಬೇಕು ಅಂತ ಹಾಕಿದೆವು. (ಮೊದಲ ವಾರ ಅವರು ಮಾಡಿದ್ದನ್ನು ಸಾರು ಅಂತ ಕರೆಯಬಹುದೋ ಬೇಡವೋ ಅಂತಲೇ ಜಗಳ. ಈಗ ಚೆನ್ನಾಗಿ ಮಾಡುತ್ತಾರೆ, ಹುಳಿ ಮಾತ್ರ ಕೈ ಮೀರುತ್ತದೆ.) ನನ್ನ ಗುರಿಗೆ ಮಲ್ಲೇಶ ಹೇಳಿದ್ದು, "ನೀನು ನನ್ನ ಜೊತೆ ಬರಬಾರದು." ನಾನು ಇಳಿಸಿದೆ: "ಬರ್ತೀನಿ. ಆದರೆ ಬಾಯಿ ಬಿಡಲ್ಲ. ಮನೆ ಒಳಗೆ ಹೋದಾಗಿನಿಂದ ಹೊರಗೆ ಬರೋವರೆಗೂ." ಅವನು "ಹ್ಞೂಂ" ಅಂದ. ಮತ್ತೆ ಮೊದಲ ಮಾತಿಗೇ ಒಪ್ಪಿಗೆ. ಗೆದ್ದರೂ ನನಗೆ ಬೇಜಾರು.

ಮೊದಲು ಹೋಗಬೇಕಾದ್ದು ಹುಲಿಕೆರೆಗೆ. ಅಲ್ಲಿ ಸಿದ್ದೇಗೌಡರು, ಅವರ ಹೆಂಡತಿ ಜಯಮ್ಮ. ಗೌಡರು ಜಗಲಿಯಲ್ಲಿ ಕೂತು ಗದರುವವರು. ಅಟ್ಟ ಯಾರಿಗೆ ಅನ್ನುವುದು ಜಯಮ್ಮನ ಮಾತು. ಹಳೇಬೀಡಿನ ಸುತ್ತಿನ ಹಳ್ಳಿಗಳಲ್ಲಿ ನನ್ನ ಅರ್ಧ ಗಿರಾಕಿಗಳು ಜಯಮ್ಮ ಯಾರಿಗೆ ಕೊಡುತ್ತಾಳೆ ಅಂತ ನೋಡಿಕೊಂಡು ಕೊಡುವವರು. ಅವಳು ಮಲ್ಲೇಶನಿಗೆ ಕೊಟ್ಟರೆ ಅವನ ಕಾಲು ಈ ಕಸುಬಿನಲ್ಲಿ ಊರಿತು. ಕೊಡದಿದ್ದರೆ ಮತ್ತೆ ಗೊಬ್ಬರದ ಅಂಗಡಿ. ಇದು ಅವನಿಗೂ ಗೊತ್ತು. ದಾರಿಯಲ್ಲಿ ಸ್ಕೂಟರಿನ ಕನ್ನಡಿಯಲ್ಲಿ ಅವನ ಮುಖ ನೋಡುತ್ತಿದ್ದೆ. ಏನು ಓಡುತ್ತಿದೆಯೋ ಗೊತ್ತಾಗಲಿಲ್ಲ. ಕೇಳಬೇಕು ಅನ್ನಿಸಿತು. ಆದರೆ ಅಭ್ಯಾಸವಾಗಲಿ ಅಂತ ಅಲ್ಲಿಂದಲೇ ಸುಮ್ಮನಾದೆ.

ಹೋಗಿ ಕೈಮುಗಿದು ಕೂತೆ. ಗೌಡರು ಕೆಣಕಿದರು, "ಏನ್ ಗಂಗಮ್ಮ, ಬಾಯಿಗೆ ಬೀಗ ಜಡಿದಂಗೈತೆ? ಹಲ್ಲು ಕೀಳಿಸಿದ್ರಾ?" ನಾನು ನಕ್ಕೆ. ಮಲ್ಲೇಶನೂ ನಕ್ಕ. ಗೌಡರು ನಮ್ಮಿಬ್ಬರನ್ನೂ ನೋಡಿ, "ಚೆನ್ನಾಗೈತೆ ಜೋಡಿ. ನೋಡಪ್ಪ, ನಾಳೆ ವ್ಯಾನಿನೋನು ಬತ್ತೀನಿ ಅಂದವ್ನೆ. ಇದ್ದಂಗೇ ಎಲ್ಲಾ ಎತ್ಕಂಡ್ ಹೋಯ್ತಾನಂತೆ. ನೀನೇನ್ ಹೇಳ್ತೀಯೋ ಹೇಳು" ಅಂದರು.

ಮಲ್ಲೇಶ ಏಣಿ ಹತ್ತಿದ. ನನ್ನ ಲೆಕ್ಕದಲ್ಲಿ ಒಂದು ಅಟ್ಟಕ್ಕೆ ಎಲೆಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಸಾಕು. ಇವನು ಇಳಿಯಲೇ ಇಲ್ಲ. ಗೌಡರು ಎರಡು ಸಲ "ನಿದ್ದೆ ಹೋದನೇನ್ರೀ?" ಅಂದರು. ಇಳಿದಾಗ ತಲೆ ತುಂಬ ಧೂಳು, ಕೈಯಲ್ಲಿ ಎರಡು ಕಾಯಿ.

ಇಲ್ಲಿ ನಮ್ಮ ಕಸುಬಿನ ಒಂದು ಗುಟ್ಟು ಹೇಳಬೇಕು. ವ್ಯಾಪಾರಿ ಕಾಯಿಯನ್ನು ತನ್ನ ಕಿವಿಗೆ ಹಿಡಿಯುತ್ತಾನೆ, ಅಲ್ಲಾಡಿಸುತ್ತಾನೆ, ಹುಬ್ಬು ಗಂಟಿಕ್ಕುತ್ತಾನೆ. ಒಳಗೆ ಚಿನ್ನದ ಸದ್ದು ಬಂದರೂ ಗಂಟಿಕ್ಕಬೇಕು. ಆ ಗಂಟಿನ ಮೇಲೇ ಬೆಲೆ ಇಳಿಯುವುದು. ನನಗೆ ಕಲಿಸಿದವರೂ ಹೀಗೆಯೇ ಮಾಡಿದ್ದು, ನಾನೂ ಅದನ್ನೇ ಮಾಡಿದ್ದು.

ಮಲ್ಲೇಶ ಹೋಗಿ ಜಯಮ್ಮನ ಪಕ್ಕ ಕುಕ್ಕರಗಾಲಲ್ಲಿ ಕೂತು, ಕಾಯಿಯನ್ನು ಅವಳ ಕಿವಿಗೆ ಹಿಡಿದ. "ಅಜ್ಜಿ, ಕೇಳಿ."

ಅವಳು ಬೆಚ್ಚಿದಳು. "ನಂಗ್ಯಾಕೋ?"

"ನಿಮ್ಮ ಕಾಯಿ ಅಲ್ವಾ? ಇದು ಬಚ್ಚಲ ಕಡೇದು. ಹಂಡೆ ಒಲೆಗೆ ಇನ್ನೂ ಸೌದೆ ಹಾಕ್ತೀರಲ್ಲ, ಅದರ ಮೇಲಿಂದು."

ಗಡಗಡ. ಜಯಮ್ಮನ ಮುಖ ಅರಳಿತು. ಆಮೇಲೆ ಇನ್ನೊಂದು ಹಿಡಿದ. "ಇದು ಅಡುಗೆಮನೆ ಕಡೇದು."

ಏನೂ ಇಲ್ಲ.

"ಗ್ಯಾಸ್ ಮೇಲಿಂದು," ಅಂದ. "ಅರ್ಧ ಅಟ್ಟ ಹಿಂಗೇ ಇದೆ. ಈಗ ಒಡೆದ್ರೆ ಚೂರಾಗುತ್ತೆ. ಎರಡು ತಿಂಗಳು ಬಿಡಬೇಕು ಅಜ್ಜಿ. ನಾನು ಇವತ್ತು ತಗೊಳ್ಳಲ್ಲ."

ತಗೊಳ್ಳಲ್ಲ! ಕೂತಲ್ಲೇ ನನಗೆ ಬೆಂಕಿ ಬಿದ್ದಂತಾಯಿತು. ನಾಳೆ ವ್ಯಾನು ಬರುತ್ತದೆ. ನಾನಾಗಿದ್ದರೆ ಏನು ಮಾಡುತ್ತಿದ್ದೆ ಗೊತ್ತಾ? ಹಸಿ ಇದೆ ಅಂತ ಇಡೀ ಅಟ್ಟದ ಬೆಲೆ ಇಳಿಸಿ, ಇವತ್ತೇ ಎತ್ತಿಕೊಂಡು ಹೋಗಿ, ನಮ್ಮ ಶೆಡ್ಡಿನಲ್ಲಿ ಎರಡು ತಿಂಗಳು ಒಣಗಿಸುತ್ತಿದ್ದೆ. ಗೌಡರ ಆತುರ ನಮಗೆ ಲಾಭ. ಸೆರಗಿನ ತುದಿ ಬಾಯಲ್ಲಿ ಕಚ್ಚಿಕೊಂಡೆ.

ಗೌಡರು ಎದ್ದುನಿಂತರು. "ತಗಳಲ್ಲ ಅನ್ನೋಕೆ ಅರಸೀಕೆರೆಯಿಂದ ಬಂದಾ? ಲೇ, ವ್ಯಾನಿನೋನಿಗೆ ಫೋನ್ ಹಚ್ಚು."

ಜಯಮ್ಮ ಫೋನ್ ಮುಟ್ಟಲಿಲ್ಲ. ನನ್ನ ಕಡೆ ತಿರುಗಿದಳು. "ನೀನ್ ಹೇಳು ಗಂಗಮ್ಮ. ಇಷ್ಟ್ ವರ್ಷ ನಿಂಗೇ ಕೊಟ್ಟಿದೀನಿ. ನಿನ್ ಮಗ ಹೇಳಿದ್ದು ಸರೀನಾ? ಕಾಯ್ಲಾ, ಕೊಡ್ಲಾ?"

ಇದಕ್ಕೆ ನಾನು ತಯಾರಾಗಿರಲಿಲ್ಲ. "ಕಾಯ್ತಿರು" ಅಂದರೆ ಜಯಮ್ಮ ಕಾಯುತ್ತಾಳೆ, ಅಟ್ಟ ನಮ್ಮದೇ. ಆದರೆ ಅದು ನನ್ನ ಮಾತಿಗೆ ಸಿಕ್ಕಿದ ಅಟ್ಟ. ಮುಂದಿನ ಮನೆಯಲ್ಲೂ ಅವನ ತಲೆಯ ಮೇಲಿಂದ ನನ್ನನ್ನೇ ನೋಡುತ್ತಾರೆ. ಮಾತಾಡದಿದ್ದರೆ ಅಟ್ಟವೇ ಹೋಗಬಹುದು. ನಿಜ ಹೇಳಬೇಕೆಂದರೆ ಇನ್ನೊಂದು ವಿಷಯವೂ ಇತ್ತು. ನಾನು ಬಾಯಿ ಮುಚ್ಚಿಕೊಂಡರೆ ಇವನು ಏನು ಮಾಡುತ್ತಾನೆ ಅನ್ನುವುದು ನನಗೆ ಗೊತ್ತಿರಲಿಲ್ಲ. ಮೂವತ್ತು ವರ್ಷದ ಮಗ, ಗೊತ್ತಿರಲಿಲ್ಲ. ನೋಡಬೇಕು ಅನ್ನಿಸಿತು. ಸೆರಗನ್ನು ಇನ್ನೂ ಗಟ್ಟಿಯಾಗಿ ಕಚ್ಚಿದೆ.

ಜಯಮ್ಮ ಕಾದಳು. ಆಮೇಲೆ ಮಲ್ಲೇಶನ ಕಡೆ ತಿರುಗಿದಳು. "ಏನಾಗೈತ್ಲಾ ನಿಮ್ಮವ್ವಂಗೆ?"

"ಏನೂ ಆಗಿಲ್ಲ ಅಜ್ಜಿ," ಅಂದ. "ಸುಮ್ನಿರೋದು ಕಲೀತಾ ಇದಾರೆ."

"ಗಂಗಮ್ಮನಾ?"

"ನಾನು ಮಾತಾಡೋದು ಕಲೀತಾ ಇದೀನಿ. ಇಬ್ಬರದೂ ಇನ್ನೂ ಶುರು."

ಜಯಮ್ಮ ನಕ್ಕಳು ನೋಡಿ, ಕಣ್ಣಲ್ಲಿ ನೀರು ಬರುವಷ್ಟು. ಗೌಡರು ತಾವು ಎದ್ದಿದ್ದು ಯಾಕೆ ಅಂತ ಮರೆತು ಕೂತರು. ಮಲ್ಲೇಶ ಮಾತ್ರ ನಗದೆ ಕೇಳಿದ, "ಅಜ್ಜಿ, ಅಡುಗೆಮನೆ ಕಡೆ ಕಾಯಿ ಒಂದೂ ಹೊರಳಿಲ್ಲ, ಒಂದೇ ಮಗ್ಗುಲಿಗೆ ಬಿದ್ದು ಒಣಗಿಲ್ಲ. ಮೊದಲು ಯಾರು ಹೊರಳಿಸ್ತಿದ್ರು?"

"ನಾನೇ ಹತ್ತುತಿದ್ದೆ ಕಣಪ್ಪ. ಈ ಸಲ ಸೊಂಟ ಬಿಡಲಿಲ್ಲ. ಇವರಿಗೆ ಹೇಳಿದ್ರೆ ಆಳು ಕರೀತೀನಿ ಅಂತಾರೆ, ಆಳು ಬರಲ್ಲ."

"ನಾನು ಈ ಕಡೆದೆಲ್ಲ ಬಚ್ಚಲ ಕಡೆಗೆ ಹಾಕಿ ಹೋಗ್ತೀನಿ. ಹೊಗೆ ಬೀಳಲಿ. ಕೊಡೋದು ಬಿಡೋದು ಆಮೇಲೆ ನೋಡಿ."

ಕೊಳ್ಳುವವನು ಮಾರುವವರ ಕಾಯಿ ಹೊರಳಿಸುವುದನ್ನು ನಾನು ಈ ಕಸುಬಿನಲ್ಲಿ ಕಂಡಿರಲಿಲ್ಲ. ಅವನು ಮತ್ತೆ ಏಣಿ ಹತ್ತಿದ. ನಾವು ಕೆಳಗೆ ಕೂತೆವು. ತಲೆಯ ಮೇಲೆ ಕಾಯಿ ಉರುಳುವ ಸದ್ದು, ಹಲಗೆಯ ಸಂದಿಯಿಂದ ಧೂಳು. ನಾನು ಏಣಿ ಹತ್ತಿ ಇಳಿದ ಮನೆಗಳಿಗೆ ಲೆಕ್ಕವಿಲ್ಲ. ಬೇರೆಯವರು ಮೇಲಿದ್ದಾಗ ಅಟ್ಟದ ಕೆಳಗೆ ಸುಮ್ಮನೆ ಕೂತಿದ್ದು ಅದೇ ಮೊದಲು. ಕೆಳಗೆ ಎಲ್ಲ ಕೇಳಿಸುತ್ತದೆ. ಎಲ್ಲಿ ನಿಂತ, ಎಲ್ಲಿ ಬಗ್ಗಿದ, ಯಾವ ಕಾಯಿ ಕೈಗೆತ್ತಿಕೊಂಡು ತಡೆದ.

ಜಯಮ್ಮ ನನಗೆ ಮಜ್ಜಿಗೆ ಕೊಟ್ಟಳು. ಮೇಲಕ್ಕೆ ಮುಖ ಮಾಡಿ ಕೂಗಿದಳು, "ಎರಡು ತಿಂಗಳು ಬಿಟ್ಟು ಬಾರಪ್ಪ. ವ್ಯಾನಿನೋನಿಗೆ ಬ್ಯಾಡ ಅಂತೀನಿ." ಗೌಡರು ಗೊಣಗಿದರು, ಫೋನ್ ಮಾತ್ರ ಮುಟ್ಟಲಿಲ್ಲ.

ಹೊರಗೆ ಬಂದು ಸ್ಕೂಟರ್ ಸ್ಟಾರ್ಟ್ ಮಾಡಿ ಮಲ್ಲೇಶ ಹೇಳಿದ, "ಅಮ್ಮ, ಈಗ ಮಾತಾಡಬಹುದು."

ಬೆಳಿಗ್ಗೆಯಿಂದ ಕಟ್ಟಿಟ್ಟ ಮಾತು ಒಂದು ಗಾಡಿ ಇತ್ತು. ವ್ಯಾನು, ಶೆಡ್ಡು, ಮುಂಗಡ, ಎಲ್ಲ. ಬಾಯಿ ತೆರೆದಾಗ ಅದ್ಯಾವುದೂ ಬರಲಿಲ್ಲ. "ಅಷ್ಟು ಹೊತ್ತು ಮೇಲೆ ಏನು ನೋಡಿದೆಯೋ?" ಅಂತ ಕೇಳಿದೆ. ಕೇಳಿ, ಉತ್ತರ ಊಹಿಸದೆ ಬಿಟ್ಟೆ.

ಸ್ಕೂಟರು ಹುಲಿಕೆರೆ ದಾಟಿತು. ಆಮೇಲೆ ಶುರು ಮಾಡಿದ. ಮೊದಲು ಹೊಗೆಯ ಕಲೆ ಎಲ್ಲಿಯವರೆಗೆ ಇದೆ ಅಂತ ತೊಲೆ ನೋಡಿದ್ದು, ಇಲಿ ಯಾವ ಮೂಲೆಗೆ ಹೋಗಿಲ್ಲ ಅಂತ ನೋಡಿದ್ದು, ಅಜ್ಜಿ ಕಾಯಿ ಹೊರಳಿಸುತ್ತಿದ್ದ ಕೋಲಿಗೆ ಜೇಡ ಕಟ್ಟಿದ್ದು. ಹಳೇಬೀಡಿನ ಕೆರೆ ಬಂದರೂ ಮಾತು ಮುಗಿದಿರಲಿಲ್ಲ. ಏರಿಯ ಹತ್ತಿರ ನಿಲ್ಲಿಸಿ ಟೀ ಹೇಳಿದೆವು. ಕುಡಿಯುತ್ತಾ, ಬಿಕ್ಕೋಡಿನ ಆ ಹಿರಿಯರನ್ನು ನೋಡಲು ಬೇಲೂರಿನಲ್ಲಿದ್ದಾಗ ಎರಡು ಸಲ ಹೋಗಿದ್ದೆ ಅಂದ. ಸುಮ್ಮನೆ ಮಾತಾಡಿಸಲು! "ಅವರಿಗೆ ನಿನ್ನ ನೆನಪಿದೆ ಅಮ್ಮ" ಅಂದ. ನನ್ನ ಟೀ ಕೆನೆಗಟ್ಟಿತು. "ಆಮೇಲೆ?" ಅಂದೆ. ಹೊಸಬರಿಗೆ ಹೇಳುತ್ತೇನೆ, ಮಂಡಿಯಲ್ಲಾಗಲಿ ಮನೆಯಲ್ಲಾಗಲಿ, ಇಷ್ಟು ಲಾಭದ ಮಾತು ನಾನು ಇನ್ನೊಂದು ಆಡಿಲ್ಲ.

ಆ ಎರಡು ತಿಂಗಳು ಬರುವ ವಾರಕ್ಕೆ ಮುಗಿಯುತ್ತದೆ. ಕಾಯಿ ಗಡಗಡ ಅಂದಿದೆಯೋ ಇಲ್ಲವೋ ಅಂತ ನನಗೆ ನಿದ್ದೆಯಿಲ್ಲ. ಮಲ್ಲೇಶ ಈ ಸಲ ಒಬ್ಬನೇ ಹೋಗುತ್ತೇನೆ ಅನ್ನುತ್ತಿದ್ದಾನೆ. ಹುಲಿಕೆರೆವರೆಗೂ ಬರ್ತೀನಿ, ಮನೆ ಒಳಗೆ ಬರಲ್ಲ ಅಂದೆ. ಬೇಡ ಅಂದ. ಹಳೇಬೀಡಲ್ಲಿ ಇಳಿಸಿ ಹೋಗು, ಕೆರೆ ನೋಡ್ಕೊಂಡು ಕೂತಿರ್ತೀನಿ ಅಂದೆ. ಅದೂ ಬೇಡವಂತೆ. ಈಗ ಇನ್ನೂ ಈಚೆಗೆ, ಜಾವಗಲ್‌ವರೆಗೆ ಇಳಿದಿದ್ದೇನೆ. ಅವನು ಇನ್ನೂ ಒಪ್ಪಿಲ್ಲ.